ಹಂಚಿನ ಮಾಡಿನ ಕೆಳಗೆ ಮಂಗಳ ಗ್ರಹ

ಕೆಂಪು ಹಂಚಿನ ಮೇಲೆ ವಿಡಿಯೊ ಬೀಳಿಸಿದರೆ ಏನೂ ಕಾಣುವುದಿಲ್ಲ ಎಂದು ನನಗೆ ಹೇಳದವರೇ ಇಲ್ಲ. ಬೆಂಗಳೂರಿನ ಕಲಾವಿದ ಮಿತ್ರರು ಹೇಳಿದರು, ಪ್ರೊಜೆಕ್ಟರ್ ಬಾಡಿಗೆಗೆ ಕೊಡುವವರು ಹೇಳಿದರು, ಅನುದಾನ ಕೊಡುವ ಸಂಸ್ಥೆಯೊಂದು ಪತ್ರದಲ್ಲೇ ಬರೆದು ತಿಳಿಸಿತು. ಹಂಚು ಬೆಳಕನ್ನು ನುಂಗುತ್ತದೆ, ಬಿಳಿ ಪರದೆ ಹಾಕಿ, ಬೇಕಿದ್ದರೆ ಹಂಚನ್ನು ಪಕ್ಕದಲ್ಲಿ ಅಲಂಕಾರಕ್ಕೆ ಇಡಿ ಎಂಬುದು ಎಲ್ಲರ ಸಲಹೆ. ಆದರೂ ಕಳೆದ ಜನವರಿಯಲ್ಲಿ ಮಂಗಳೂರು ಬಂದರಿನ ಹಳೆಯ ಗೋದಾಮಿನಲ್ಲಿ ಜನ ಸಂಜೆ ಸಂಜೆ ಬಂದು, ಚಾಪೆಯ ಮೇಲೆ ಅಂಗಾತ ಮಲಗಿ, ನಾನು ಕಟ್ಟಿದ ಹಂಚಿನ ಮಾಡಿನ, ಅಂದರೆ ಸೂರಿನ, ಒಳಮೈಯಲ್ಲಿ ಮಂಗಳ ಗ್ರಹವನ್ನು ನೋಡಿ ಹೋದರು. ವಿಡಿಯೊ ಸುಮಾರು ಹದಿನೆಂಟು ನಿಮಿಷ. ಮಧ್ಯದಲ್ಲಿ ಎದ್ದು ಹೋದವರು ಬೆರಳೆಣಿಕೆಯಷ್ಟು ಮಂದಿ. ಹಾಗಾಗಿ ಈಗ ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಕ್ಯಾಮೆರಾ, ಸಂಕಲನ, ಮ್ಯಾಪಿಂಗ್ (ಚಿತ್ರವನ್ನು ಏರುತಗ್ಗಿನ ಮೈಗೆ ಹೊಂದಿಸಿ ಬೀಳಿಸುವುದು) ಬಲ್ಲವರಿಗಾಗಿ ಬರೆದದ್ದು ಇದು; ಅವುಗಳ ಓನಾಮ ಇಲ್ಲಿ ಸಿಗುವುದಿಲ್ಲ.

ಕಥೆ ಸಣ್ಣದು. 2365ನೇ ಇಸವಿ. ಮಂಗಳ ಗ್ರಹದ ಕೆಂಪು ಮಣ್ಣಿನಿಂದ ಕಂಪನಿಯೊಂದು ಹಂಚು ಸುಡುತ್ತಿದೆ. ಕೆಲಸಕ್ಕಿರುವವರು ನೇತ್ರಾವತಿಯ ದಂಡೆಯಿಂದ ಗುತ್ತಿಗೆಯ ಮೇಲೆ ಹೋದವರ ಮೊಮ್ಮಕ್ಕಳು. ಹಂಚಿನ ಒಳಮೈಯಲ್ಲಿ ಕಂಪನಿಯ ಹೆಸರು ಅಚ್ಚಾಗಿರುತ್ತದೆ, ಸುಟ್ಟವರ ಹೆಸರು ಎಲ್ಲಿಯೂ ಇಲ್ಲ. ಮಳೆಯೇ ಬಾರದ ಆ ಗ್ರಹದಲ್ಲಿ ಪ್ರತಿ ಮೇ ತಿಂಗಳು ಮಾಡು ಹತ್ತಿ ಹಂಚು ಕೈಯಾಡಿಸುವ, ಅಂದರೆ ಮಳೆಗೆ ಮುನ್ನ ಮಾಡುವಂತೆ ಸರಿದ, ಒಡೆದ ಹಂಚು ಸರಿಮಾಡುವ ಹೆಂಗಸು ನನ್ನ ನಾಯಕಿ. ಅವಳ ಅಜ್ಜಿ ಹತ್ತುತ್ತಿದ್ದರು, ಅವಳೂ ಹತ್ತುತ್ತಾಳೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ತನ್ನ ಮೊದಲ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅಲ್ಲಿಂದ ಐನೂರು ವರ್ಷ ಮುಂದಕ್ಕೆ ಹೋಗಿ ನಿಂತು ಹಿಂದಿರುಗಿ ನೋಡಿದ್ದೇನೆ.

ಇದೇ ವಿಷಯದ ಮೇಲೆ ಮೊದಲು ಒಂದು ಸಾಕ್ಷ್ಯಚಿತ್ರದ ಕರಡು ಮಾಡಿದ್ದೆ. ಹಳೆಯ ಚಿಮಣಿ, ಪಾಳುಬಿದ್ದ ಗೂಡು, ಮುದುಕರ ನೆನಪು. ನೋಡಿದವರೆಲ್ಲ "ಎಷ್ಟು ಚಂದದ ಪರಂಪರೆ" ಎಂದರು. ನನಗೆ ಬೇಕಾದದ್ದು ಅದಾಗಿರಲಿಲ್ಲ. ನನ್ನ ಅಜ್ಜಿ ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚು ಹೊತ್ತವರು. ಅವರ ಕುತ್ತಿಗೆ ಕೊನೆಯವರೆಗೂ ಒಂದು ಬದಿಗೆ ವಾಲಿಕೊಂಡೇ ಇತ್ತು. ಅದನ್ನು ಚಂದದ ಪರಂಪರೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹಾಗೆಂದು ಬಿಳಿಯರು ಬಂದು ಎಲ್ಲವನ್ನೂ ಕೆಡಿಸಿದರು ಎಂದು ಕೂಗಿ ಸುಮ್ಮನಾಗಲೂ ಆಗುವುದಿಲ್ಲ. ಒಂದಕ್ಕೊಂದು ಕಚ್ಚಿಕೊಳ್ಳುವ ಈ ಹಂಚಿನ ವಿನ್ಯಾಸ ಫ್ರಾನ್ಸಿನ ಆಲ್ಸೇಸ್‌ನ ಗಿಲಾರ್ಡೊನಿ ಸಹೋದರರದ್ದು, 1841ರದ್ದು. ಮಣ್ಣು ನಮ್ಮ ಹೊಳೆಯದ್ದು. ಸುಟ್ಟ ಕೈ ನಮ್ಮವರದ್ದು. ಹಡಗು ಹತ್ತಿ ಕಡಲಾಚೆಯ ಊರುಗಳ ಮನೆಗಳ ಮೇಲೆ ಕುಳಿತಾಗ ಅದರ ಹೆಸರು ಮಂಗಳೂರು ಹಂಚು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಮಿಷನ್ನಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಗೆ ಹೋದವು. ಒಡೆಯರು ಬದಲಾದರು, ಅಚ್ಚು ಬದಲಾಯಿತು, ಹೊರುವವರು ಹೊರುತ್ತಲೇ ಇದ್ದರು. ಈ ಗಂಟನ್ನು ಗತಕಾಲದಲ್ಲಿ ಇಟ್ಟು ತೋರಿಸಿದರೆ ಜನ ಮರುಗಿ ಮನೆಗೆ ಹೋಗುತ್ತಾರೆ. ಇನ್ನೂ ಬಾರದ ಕಾಲದಲ್ಲಿ ಇಟ್ಟರೆ "ಹಾಗಾದರೆ ಆ ಮಣ್ಣು ಯಾರದ್ದು?" ಎಂದು ಕೇಳುತ್ತಾರೆ. ನನ್ನ ಪ್ರದರ್ಶನದಲ್ಲಿ ನಿಜವಾಗಿಯೂ ಕೇಳಿದರು.

ಪ್ಯಾಲೆಸ್ತೀನ್ ಮೂಲದ ಕಲಾವಿದೆ ಲಾರಿಸಾ ಸನ್ಸೂರ್ 2009ರಲ್ಲೇ ಗಗನಯಾತ್ರಿಯ ಉಡುಪು ತೊಟ್ಟು ಚಂದ್ರನ ಮೇಲೆ ತನ್ನ ನಾಡಿನ ಧ್ವಜ ನೆಟ್ಟ ವಿಡಿಯೊ ಮಾಡಿದ್ದಾರೆ. ನಿಮ್ಮದು ಅದೇ ದಾರಿಯಲ್ಲವೇ ಎಂದು ಹಲವರು ಕೇಳಿದ್ದಾರೆ. ದಾರಿ ಅವರದ್ದೇ, ಸಂತೋಷದಿಂದ ಒಪ್ಪುತ್ತೇನೆ. ಆದರೆ ನೆಲ ಕಳೆದುಕೊಂಡವರ ಸಂಕಟ ಬೇರೆ, ನೆಲವೇ ಸರಕಾಗಿ ಹಡಗು ಹತ್ತಿದ್ದನ್ನು ಕಂಡವರ ಸಂಕಟ ಬೇರೆ. ನನ್ನ ನಾಯಕಿಯ ಕೈಯಲ್ಲಿ ಧ್ವಜವಿಲ್ಲ, ಒಡೆದ ಹಂಚಿನ ಜಾಗಕ್ಕೆ ಹಾಕಲು ಇನ್ನೊಂದು ಹಂಚು ಇದೆ.

ಇನ್ನು ಕೆಲಸದ ಮಾತು. ಮುಚ್ಚಿಗೆ ಇಲ್ಲದ ಹಂಚಿನ ಮನೆಯಲ್ಲಿ ಬೆಳೆದವರೆಲ್ಲರೂ ಮಲಗಿಕೊಂಡು ತಲೆಯ ಮೇಲಿನ ಅಚ್ಚು ಓದಿದವರೇ. ಆದ್ದರಿಂದ ವಿಡಿಯೊ ಬೀಳಬೇಕಾದದ್ದು ಒಳಮೈಗೆ, ನೋಡುವವರು ಮಲಗಬೇಕು ಎಂಬುದು ಮೊದಲ ದಿನದಿಂದಲೇ ಖಚಿತವಿತ್ತು. ಗೋದಾಮಿನೊಳಗೆ ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲದ ಒಂದು ಮಾಡನ್ನೇ ಕಟ್ಟಿದೆ. ನೂರ ಮೂವತ್ತರ ಆಸುಪಾಸು ಹಂಚು ಹಿಡಿಯಿತು. ಒಂದೊಂದು ಎರಡೂವರೆ ಕಿಲೋ ಎಂದರೂ ಮುನ್ನೂರು ಕಿಲೋ ದಾಟುತ್ತದೆ, ಕೆಳಗೆ ಜನ ಮಲಗಿರುತ್ತಾರೆ. ಚೌಕಟ್ಟು ಬೆಸುಗೆ ಹಾಕಿದ ಅಣ್ಣ "ಇದು ಆಗುವ ಕೆಲಸವಲ್ಲ ಮಾರಾಯರೇ, ಬಿದ್ದರೆ ನಾನು ಒಳಗೆ, ನೀವೂ ಒಳಗೆ" ಎಂದರು. ಪ್ರತಿ ಹಂಚನ್ನೂ ಕಟ್ಟುತಂತಿಯಿಂದ ಬಿಗಿದ ಮೇಲೆ ತಾವೇ ಕೆಳಗೆ ಮಲಗಿ ನೋಡಿ ಒಪ್ಪಿದರು. ಇಷ್ಟನ್ನು ಮಾತ್ರ ಯಾರೂ ಬಿಡಬೇಡಿ. ಚಿತ್ರ ಮಸುಕಾದರೆ ಪರವಾಗಿಲ್ಲ, ಹಂಚು ಜಾರಬಾರದು.

ಹಂಚಿಗಾಗಿ ಕಳೆದ ಹಣ ಬಹಳ. ಕೆಡಹುವ ಮನೆಗಳ ಹಂಚು ಆಗ ಹತ್ತು ಹನ್ನೆರಡು ರೂಪಾಯಿಗೆ ಸಿಗುತ್ತಿತ್ತು. ಮೊದಲ ಲೋಡು ಬಂದದ್ದು ಅಡುಗೆಮನೆಯ ಭಾಗದಿಂದ. ಒಳಮೈ ತುಂಬ ಹತ್ತಾರು ವರ್ಷಗಳ ಹೊಗೆ ಕುಳಿತು ಕರಿ ಕಟ್ಟಿತ್ತು. ಸೋಡಾ ಹಾಕಿ ಉಜ್ಜಿದೆವು, ಸೀಗೆಪುಡಿಯಲ್ಲೂ ತೊಳೆದೆವು, ಹೋಗಲಿಲ್ಲ. ಟೆಂಪೊ ಬಾಡಿಗೆ, ತೊಳೆಯುವವರ ಕೂಲಿ ಸೇರಿ ಐದು ಸಾವಿರದಷ್ಟು ನೀರಿಗೆ ಬಿತ್ತು. ಎರಡನೆಯ ಲೋಡು ಒಂದು ಗೋದಾಮಿನದ್ದು, ಒಳಮೈ ಶುದ್ಧ. ಆರಿಸುವಾಗ ಬೆರಳ ಗಂಟಿನಿಂದ ಬಡಿದು ನೋಡಿ. ಚೆನ್ನಾಗಿ ಬೆಂದದ್ದು ಲೋಹದ ಹಾಗೆ ಖಣ್ಣೆಂದು ಮಾತನಾಡುತ್ತದೆ, ಬಿರುಕು ಬಿಟ್ಟದ್ದು ಬೊದ್ದು. ಈ ಸದ್ದಿನ ಉಪಯೋಗ ಮುಂದೆ ಬರುತ್ತದೆ.

ಬೆಳಕು ನುಂಗುವ ವಿಷಯದಲ್ಲಿ ಜನ ಹೇಳಿದ್ದು ಪೂರ್ತಿ ಸುಳ್ಳಲ್ಲ. ಅದೇ ಪ್ರೊಜೆಕ್ಟರಿನ ಬೆಳಕಿನಲ್ಲಿ ಒಂದು ಬಿಳಿ ಕಾಗದ, ಒಂದು ಹಂಚು ಇಟ್ಟು ಫೋಟೊ ತೆಗೆದು ಅಳೆದಾಗ, ಹಂಚಿನಿಂದ ಕೆಂಪು ನಾಲ್ಕು ಪಾಲು ಮರಳಿದರೆ ನೀಲಿ ಹೆಚ್ಚುಕಡಿಮೆ ಒಂದು ಪಾಲು. ಉಡುಪಿ ಬಳಿಯ ಮಲ್ಪೆಯಲ್ಲಿ ತೆಗೆದ ಕಡಲು ಹಂಚಿನ ಮೇಲೆ ಕೆಸರುಗದ್ದೆಯಾಯಿತು. ಪುಸ್ತಕದ ಲೆಕ್ಕದಂತೆ ಕೆಂಪನ್ನು ನೀಲಿಯ ಮಟ್ಟಕ್ಕೆ ಇಳಿಸಿದರೆ ಬಣ್ಣ ಸರಿಹೋಗುತ್ತದೆ, ಆದರೆ ಬೆಳಕಿನ ಬಹುಪಾಲು ಹೋಗಿ ಚಿತ್ರವೇ ಸಾಯುತ್ತದೆ. ನಾನು ಅರ್ಧ ದಾರಿಯಲ್ಲಿ ನಿಲ್ಲಿಸಿದೆ. ಕತ್ತಲಲ್ಲಿ ಮೂರ್ನಾಲ್ಕು ನಿಮಿಷ ಮಲಗಿದ ಮೇಲೆ ಉಳಿದರ್ಧವನ್ನು ಕಣ್ಣೇ ಸರಿಮಾಡಿಕೊಳ್ಳುತ್ತದೆ. ಆದ್ದರಿಂದಲೇ ವಿಡಿಯೊದ ಮೊದಲ ನಿಮಿಷಗಳಲ್ಲಿ ಕಪ್ಪು, ಕೆಂಪು ಬಿಟ್ಟರೆ ಬೇರೆ ಬಣ್ಣವಿಲ್ಲ. ಇದರ ಜತೆಗೆ ಹಂಚಿಗೆ ಚಿಪ್ಪುಸುಣ್ಣದ ತಿಳಿನೀರನ್ನು ಒಂದು ಕೈ ಹೊಡೆದಿದ್ದೇನೆ. ಬರೀ ಸುಣ್ಣ ಹೊಡೆದರೆ ಬಿಳಿ ಕಲೆ ಕಲೆಯಾಗಿ ಅಚ್ಚು ಮುಚ್ಚಿಹೋಗುತ್ತದೆ. ಅದಕ್ಕೆ ನಾನು ಬೆರೆಸಿದ್ದು ನಮ್ಮ ಅಡುಗೆಮನೆಯದ್ದೇ ಒಂದು ವಸ್ತು; ಯಾವುದು, ಎಷ್ಟು ಎಂಬುದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಅದನ್ನು ಹುಡುಕಲು ನನಗೆ ಒಂದು ಮಳೆಗಾಲ ಪೂರ್ತಿ ಹಿಡಿದಿದೆ.

ಇದಕ್ಕೆ ಹತ್ತು ಸಾವಿರ ಲ್ಯೂಮೆನ್‌ನಷ್ಟು ಬೆಳಕು ಚೆಲ್ಲುವ ಪ್ರೊಜೆಕ್ಟರ್ ಬೇಕು ಎಂದವರಿದ್ದರು, ನಾನು ಮುಗಿಸಿದ್ದು ನಾಲ್ಕೂವರೆ ಸಾವಿರದ್ದೊಂದು ಹಳೆಯ ಯಂತ್ರದಲ್ಲಿ. ಸೆಕೆಂಡ್ ಹ್ಯಾಂಡ್, ನಲವತ್ತೆಂಟು ಸಾವಿರ. ಆದರೆ ಅದು ದೀಪದ ಪ್ರೊಜೆಕ್ಟರ್, ಮೂತಿ ಮೇಲೆ ಮಾಡಿ ಇಟ್ಟರೆ ಬಿಸಿಯಾಗಿ ನಿಲ್ಲುತ್ತದೆ. ಒಂದು ದೀಪ ಹಾಗೆಯೇ ಸುಟ್ಟುಹೋಗಿ ಒಂಬತ್ತು ಸಾವಿರ ಕೈಬಿಟ್ಟಿತು. ಹೆಚ್ಚಿನ ಲೇಸರ್ ಯಂತ್ರಗಳಿಗೆ ಈ ತೊಂದರೆ ಇಲ್ಲ, ಕೊಳ್ಳುವ ಶಕ್ತಿ ನನಗಿರಲಿಲ್ಲ. ಪ್ರೊಜೆಕ್ಟರನ್ನು ನೆಲದಲ್ಲಿ ಮಟ್ಟಸವಾಗಿಟ್ಟು ಕನ್ನಡಿಯಿಂದ ಬೆಳಕನ್ನು ಮೇಲಕ್ಕೆ ತಿರುಗಿಸಿದೆ. ಮನೆಯ ಕನ್ನಡಿಯಾದರೆ ಗಾಜಿನ ಎರಡೂ ಮೈಗಳಿಂದ ಪ್ರತಿಬಿಂಬ ಬಂದು ಚಿತ್ರ ಎರಡಾಗುತ್ತದೆ. ಮುಂಭಾಗಕ್ಕೇ ಲೇಪವಿರುವ ಕನ್ನಡಿ ಬೇಕು, ಹೊಸದಕ್ಕೆ ಬೆಲೆ ಕೇಳಿ ಸುಮ್ಮನಾದೆ. ಕೊನೆಗೆ ಗುಜರಿ ಅಂಗಡಿಯಲ್ಲಿ ಹಳೆಯ ಕಾಲದ, ಹೊಟ್ಟೆ ದಪ್ಪಗಿರುವ ರಿಯರ್ ಪ್ರೊಜೆಕ್ಷನ್ ಟಿವಿಯೊಂದು ಸಿಕ್ಕಿತು. ಅದರೊಳಗೆ ಇರುವುದು ಅದೇ ಕನ್ನಡಿ, ಮೂರಡಿ ಅಗಲದ್ದು. ಆರುನೂರು ರೂಪಾಯಿ. ಬಟ್ಟೆಯಿಂದ ಒರೆಸಬೇಡಿ, ಲೇಪ ಕಿತ್ತು ಬರುತ್ತದೆ.

ಹಂಚು ಕೂರುವ ಪಟ್ಟಿಗಳಾದ ರೀಪುಗಳ ನೆರಳು ಇನ್ನೊಂದು ತಲೆನೋವು. ಮರದ ರೀಪು ಒಂದಡಿಗೊಂದರಂತೆ ಕಪ್ಪು ಪಟ್ಟೆ ಬೀಳಿಸಿ ನಾಯಕಿಯ ಮುಖವನ್ನು ಕಂಬಿ ಎಣಿಸುವವಳ ಮುಖವಾಗಿ ಮಾಡಿತು. ಮರ ತೆಗೆಸಿ ಅರ್ಧ ಇಂಚಿನ ಕಬ್ಬಿಣದ ಸರಳು ಹಾಕಿಸಿ, ಹಂಚಿನ ಬಣ್ಣವನ್ನೇ ಬಳಿದ ಮೇಲೆ ನೆರಳು ಹೆಚ್ಚುಕಡಿಮೆ ಅಳಿಯಿತು.

ನನಗೆ ಅತ್ಯಂತ ಹೆಮ್ಮೆ ಇರುವುದು ಗಾಜಿನ ಹಂಚಿನ ವಿಷಯದಲ್ಲಿ. ಮಂಗಳನ ಹಗಲಿನ ಆಕಾಶ ಕೆನೆಗೆಂಪು, ಸೂರ್ಯ ಮುಳುಗುವಾಗ ಮಾತ್ರ ಅವನ ಸುತ್ತ ನೀಲಿ ಬೆಳಕು. ಅಲ್ಲಿಗೆ ಹೋದ ಯಂತ್ರಗಳು ಕಳಿಸಿದ ಚಿತ್ರಗಳಲ್ಲಿ ನೋಡಿದ್ದೇವೆ. ಆ ಸಂಜೆ ನನ್ನ ಕಥೆಯ ಹೃದಯ. ಆದರೆ ನನ್ನ ಪರದೆಗೆ ನೀಲಿಯೇ ಬಾರದು! ನೆಲ, ಗೋಡೆ, ಗೂಡು, ಮೈ ಎಲ್ಲವೂ ಹಂಚಿನ ಮೇಲೆ ಸೊಗಸಾಗಿ ಬರುತ್ತಿತ್ತು. ಮಂಗಳದ ಮಣ್ಣು ಕೆಂಪಾಗಿರುವುದೂ ಹಂಚು ಕೆಂಪಾಗಿರುವುದೂ ಕಬ್ಬಿಣದ ಆಕ್ಸೈಡಿನಿಂದಲೇ, ಅದಕ್ಕಾಗಿ ನಾನು ಬೆವರು ಸುರಿಸಬೇಕಾಗಿರಲಿಲ್ಲ. ಸಂಜೆ ಮಾತ್ರ ಕೈಗೆ ಬರಲಿಲ್ಲ. ತಿಂಗಳುಗಟ್ಟಲೆ ಬಣ್ಣ ತಿದ್ದಿ ಸೋತ ಮೇಲೆ, ಹಳೆಯ ಮನೆಗಳಲ್ಲಿ ಬೆಳಕಿಗಾಗಿ ಸಾಲಿನ ನಡುವೆ ಹಾಕುವ ಗಾಜಿನ ಹಂಚನ್ನೇ ಹಾಕಿದೆ. ಒಟ್ಟು ಏಳು, ಒಂದೊಂದಕ್ಕೆ ಇನ್ನೂರರ ಹತ್ತಿರ. ಅವುಗಳ ಬೆನ್ನಿಗೆ ಟ್ರೇಸಿಂಗ್ ಕಾಗದ ಹಚ್ಚಿ, ಮಾಡಿನ ಮೇಲುಗಡೆಯಿಂದ ಅಂಗೈ ಗಾತ್ರದ ಸಣ್ಣ ಪ್ರೊಜೆಕ್ಟರಿನಿಂದ ನೀಲಿ ಸಂಜೆಯನ್ನು ಬಿಟ್ಟೆ. ಸುತ್ತ ಕೆಂಪು ನೆಲ, ನಡುನಡುವೆ ಏಳು ಚೌಕ ನೀಲಿ. ಗಾಜಿನೊಳಗಿನ ಗುಳ್ಳೆಗಳಿಗೂ ಬೆಳಕು ಹಿಡಿದು ಅವೇ ನಕ್ಷತ್ರಗಳಾದವು. ಕಲಾವಿದೆ ನಳಿನಿ ಮಲಾನಿ ತಿರುಗುವ ಪಾರದರ್ಶಕ ಸಿಲಿಂಡರುಗಳ ಮೂಲಕ ಬೆಳಕು ಹಾಯಿಸಿ ಗೋಡೆ ತುಂಬ ನೆರಳು ಕುಣಿಸಿದ್ದನ್ನು ನೋಡಿದವರಿಗೆ ಬಿಳಿ ಪರದೆಯ ಹಂಗು ಬೇಕಿಲ್ಲ ಎಂಬುದು ಹೊಸದೇನಲ್ಲ. ಗಾಜಿನ ಹಂಚನ್ನು ಹೀಗೆ ಬಳಸಿದವರನ್ನು ಮಾತ್ರ ನಾನು ಇನ್ನೂ ಕಂಡಿಲ್ಲ. ಏಳನ್ನೂ ಯಾವ ಯಾವ ಸಾಲಿನಲ್ಲಿ ಹಾಕಿದೆ ಎಂಬುದಕ್ಕೂ ಒಂದು ಲೆಕ್ಕವಿದೆ, ಬಂದು ನೋಡಿದವರು ಕಂಡುಹಿಡಿಯಬಹುದು.

ಎರಡು ಪ್ರೊಜೆಕ್ಟರುಗಳ ಹೊಂದಾಣಿಕೆಗೆ ಎರಡು ಪುಟ್ಟ ಕಂಪ್ಯೂಟರು, ಅಂದರೆ ರಾಸ್ಪ್‌ಬೆರಿ ಪೈ ಸಾಕಾಯಿತು. ವೈಫೈಯಲ್ಲಿ ಜೋಡಿಸಿದಾಗ ಬಂದರಿನ ಸುತ್ತಲಿನ ಸಿಗ್ನಲುಗಳ ಗದ್ದಲದಲ್ಲಿ ಪದೇ ಪದೇ ತಪ್ಪುತ್ತಿತ್ತು. ಐವತ್ತು ರೂಪಾಯಿಯ ಲ್ಯಾನ್ ತಂತಿ ಎಳೆದ ಮೇಲೆ ಒಂದು ಸಲವೂ ತಪ್ಪಲಿಲ್ಲ.

ಚಿತ್ರೀಕರಣ ನಡೆದದ್ದು ಬಳಕೆ ನಿಲ್ಲಿಸಿದ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಕೋರೆಯಲ್ಲಿ, ಏಪ್ರಿಲ್ ಸಂಜೆಗಳಲ್ಲಿ. ಯಂತ್ರದಿಂದ ಕತ್ತರಿಸಿದ ಆ ಕಡಿದಾದ ಗೋಡೆಗಳ ಮೇಲಿನ ಗೆರೆಗಳನ್ನು ಯಾವ ಗ್ರಾಫಿಕ್ಸೂ ಕೊಡಲಾರದು. ಜೂನ್ ಬಂದರೆ ಕೋರೆ ಕೆರೆಯಾಗುತ್ತದೆ, ಅಷ್ಟರೊಳಗೆ ಮುಗಿಸಬೇಕು. ಮಂಗಳನ ಗುರುತ್ವ ನಮ್ಮದರ ಶೇ 38ರಷ್ಟು. ಬಿದ್ದ ಧೂಳು ಅಲ್ಲಿನ ಹಾಗೆ ಬೀಳಬೇಕಾದರೆ ಕಾಲವನ್ನು ಸುಮಾರು 1.6 ಪಟ್ಟು ಹಿಗ್ಗಿಸಬೇಕು, ಅಂದರೆ ಸೆಕೆಂಡಿಗೆ 25 ಫ್ರೇಮಿನ ವಿಡಿಯೊಗೆ 40ರಲ್ಲಿ ತೆಗೆಯಬೇಕು. 50ರಲ್ಲಿ ತೆಗೆದರೆ ಚಂದ್ರನ ಕಡೆಗೆ ವಾಲುತ್ತದೆ, ಕಣ್ಣು ಹಿಡಿದುಬಿಡುತ್ತದೆ. ಫ್ರೇಮನ್ನು ಬೇಕಾದಷ್ಟಕ್ಕೆ ಇಡಬಹುದಾದ ಹಳೆಯ ಕ್ಯಾಮೆರಾ ಒಂದನ್ನು ಗೆಳೆಯನಿಂದ ಎರವಲು ತಂದೆ. ನಿಧಾನಗೊಳಿಸಿದಾಗ ಸಾಮಾನ್ಯ ನಟರ ನಡಿಗೆ ಸೋಮಾರಿ ನಡಿಗೆಯಾಗುತ್ತದೆ. ಯಕ್ಷಗಾನದ ತೆಂಕುತಿಟ್ಟಿನ ಹೆಜ್ಜೆ ಕಲಿತ ಹುಡುಗಿಯೊಬ್ಬಳು ನಡೆದಾಗ ಮಾತ್ರ ಪ್ರತಿ ಹೆಜ್ಜೆಗೂ ತೂಕ ಉಳಿಯಿತು.

ಉಡುಪಿನ ಖರ್ಚು ಎರಡು ಸಾವಿರವೂ ಆಗಿಲ್ಲ. ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಬೆನ್ನಿಗೆ ನಾಟಿ ಮಾಡುವ ಹೆಂಗಸರು ಮಳೆಗೆ ಹೊದೆಯುವ ಗೊರಬು, ಮೈಗೆ ಮೀನುಗಾರರ ರೈನ್‌ಕೋಟು. ಮಳೆಗಾಗಿಯೇ ಹುಟ್ಟಿದ ಸಲಕರಣೆಗಳು ಮಳೆಯಿಲ್ಲದ ಗ್ರಹದಲ್ಲಿ. ಭೂತಾರಾಧನೆಯಲ್ಲಿ ದೈವಕ್ಕೆ ತೊಡಿಸುವ ಅಣಿ (ಪ್ರಭಾವಳಿ), ಮೊಗ (ಮುಖವಾಡ) ತಂದು ಅನ್ಯಗ್ರಹದ ಜೀವಿ ಮಾಡಿ, ಹೊರದೇಶದಲ್ಲಿ ಒಳ್ಳೆಯ ಬೆಲೆ ಬರುತ್ತದೆ ಎಂದವರಿದ್ದರು. ಅದನ್ನು ನಾನು ಮಾಡುವುದಿಲ್ಲ. ಜನ ನಂಬಿ ಕೈಮುಗಿಯುವುದನ್ನು ವಿಚಿತ್ರವೆಂದು ತೋರಿಸುವುದು ಬಿಳಿಯರು ಮಾಡಿಟ್ಟು ಹೋದ ಕೆಲಸ, ಅದನ್ನು ನಾವು ಮುಂದುವರಿಸಬೇಕಾಗಿಲ್ಲ.

ಅಡ್ಡದಾರಿಯ ಪ್ರಯೋಗಗಳೂ ಸಾಕಷ್ಟು ನಡೆದವು. ಚಿತ್ರ ಬರೆಯುವ ಎಐಗೆ "ಐನೂರು ವರ್ಷಗಳ ನಂತರದ ಮಂಗಳೂರು" ಎಂದು ಕೇಳಿದೆ. ಎಷ್ಟು ಬಾರಿ ಕೇಳಿದರೂ ಅದು ಕೊಟ್ಟದ್ದು ಗಾಜಿನ ಗೋಪುರಗಳ ಕೊಲ್ಲಿ ದೇಶಗಳಂಥ ನಗರವನ್ನೇ. ಹಂಚಿನ ಮಾಡು ಬೇಕೆಂದು ಒತ್ತಾಯಿಸಿದಾಗ ಚೀನಾದ ಬಾಗಿದ ಮಾಡು ಹಾಕಿತು. ನಮ್ಮ ನಾಳೆಯನ್ನೂ ಬೇರೆಯವರು ಬರೆದಿಟ್ಟಿದ್ದಾರೆ ಎಂಬುದು ಇಷ್ಟು ಸ್ಪಷ್ಟವಾಗಿ ನನಗೆ ಇನ್ನೆಲ್ಲೂ ಕಂಡಿರಲಿಲ್ಲ. ಆ ಚಿತ್ರಗಳನ್ನೇ ಕಂಪನಿಯ ಜಾಹೀರಾತುಗಳಾಗಿ ಕಥೆಯೊಳಗೆ ಬಳಸಿಕೊಂಡೆ. ಮಲ್ಪೆಯಿಂದ ದೋಣಿಯಲ್ಲಿ ಸೈಂಟ್ ಮೇರೀಸ್ ದ್ವೀಪಕ್ಕೂ ಹೋಗಿ ಬಂದೆ. ಸುಮಾರು ಎಂಟೂವರೆ ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರ್ಪಡುವ ಕಾಲದ ಲಾವಾ ಕಂಬಗಳು ಅಲ್ಲಿವೆ. 1498ರಲ್ಲಿ ವಾಸ್ಕೊ ಡ ಗಾಮ ಇಳಿದು ಹೆಸರಿಟ್ಟನೆಂಬ ಪ್ರತೀತಿಯೂ ಇದೆ. ಭೂಮಿ ಒಡೆದು ಹೋದ ಜಾಗದ ಮೇಲೆ ನಾವಿಕನೊಬ್ಬ ಹೆಸರು ಒತ್ತಿ ಹೋದ. ನನಗೆ ಬೇಕಾದ ಕಥೆಯೇ. ಆದರೆ ಚಿತ್ರಗಳು ಅತಿ ಸುಂದರವಾಗಿ ಬಂದವು, ಪ್ರವಾಸಿ ಪೋಸ್ಟರಿನಂತೆ. ಒಂದೂ ಉಳಿಸಿಕೊಳ್ಳಲಿಲ್ಲ. ಅದಕ್ಕೆ ಬೇರೆಯೇ ಒಂದು ಕೆಲಸ ಆಗಬೇಕು.

ಶಬ್ದದ ಪ್ರಯೋಗ ಫಲ ಕೊಟ್ಟಿತು. ಸ್ಪೀಕರ್ ಇಡಲಿಲ್ಲ. ಮೇಜಿಗೆ ಅಂಟಿಸಿದರೆ ಮೇಜೇ ಸ್ಪೀಕರ್ ಆಗುವ ಎಕ್ಸೈಟರುಗಳು ಬರುತ್ತವಲ್ಲ, ಆಗ ಆರುನೂರು ರೂಪಾಯಿಯವು, ಅವನ್ನು ಚೆನ್ನಾಗಿ ಖಣ್ಣೆನ್ನುವ ಹಂಚುಗಳ ಬೆನ್ನಿಗೆ ಅಂಟಿಸಿದೆ. ಮಂದ್ರ ಸ್ವರ ಬಾರದು, ಆದರೆ ಮಳೆಯ ಸದ್ದು ಸಾಕ್ಷಾತ್ ಮಳೆಯೇ. ಜುಲೈಯಲ್ಲಿ ನಮ್ಮ ಮನೆಯ ಮಾಡಿನ ಕೆಳಗೆ ಧ್ವನಿಮುದ್ರಿಸಿಕೊಂಡದ್ದು ಅದು. ಕಥೆಯ ಹದಿನಾಲ್ಕನೆಯ ನಿಮಿಷದಲ್ಲಿ, ಮಳೆ ಬಾರದ ಗ್ರಹದಲ್ಲಿ ನಾಯಕಿಗೆ ಅದು ಕೇಳಿಸುತ್ತದೆ. ಹಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಕೆಲವು ಅಮ್ಮಂದಿರನ್ನು ಕರೆದಿದ್ದೆ. ಆ ಹೊತ್ತಿಗೆ ಒಬ್ಬರು ಕತ್ತಲಲ್ಲೇ ಕೈ ಚಾಚಿ "ಅಲ್ಲಿ ಒಂದು ಹಂಚು ಸರಿದಿದೆ ಮಗಾ, ಸೋರುತ್ತದೆ" ಎಂದರು. ದೀಪ ಹಾಕಿ ನೋಡಿದರೆ ನಿಜವಾಗಿಯೂ ಮೇಲಿನ ಸಾಲಿನಲ್ಲಿ ಒಂದು ಅರ್ಧ ಇಂಚು ಸರಿದಿತ್ತು. ನಾನೂ ಬೆಸುಗೆಯ ಅಣ್ಣನೂ ಎಷ್ಟೋ ಸಲ ನೋಡಿಯೂ ಕಂಡಿರಲಿಲ್ಲ. ಅವರ ಹೆಸರು, ಜತೆಗೆ ಬಂದವರೆಲ್ಲರ ಹೆಸರು ಈಗ ವಿಡಿಯೊದ ಕೊನೆಯಲ್ಲಿ ಹಂಚಿನ ಅಚ್ಚಿನ ಅಕ್ಷರದಲ್ಲೇ ಬರುತ್ತವೆ, ಕಂಪನಿಯ ಹೆಸರು ಇದ್ದ ಜಾಗದಲ್ಲಿ. ಅವರ ಒಪ್ಪಿಗೆ ಕೇಳಿಯೇ ಹಾಕಿದ್ದು.

ಹಣದ ಲೆಕ್ಕ ಬಾಯಿಲೆಕ್ಕದಲ್ಲಿ ಹೇಳುವುದಾದರೆ, ಎಲ್ಲ ಸೇರಿ ಎರಡೂಕಾಲು ಲಕ್ಷದ ಸುತ್ತಮುತ್ತ. ಚೌಕಟ್ಟು ಇಪ್ಪತ್ತೆರಡು ಸಾವಿರ, ಗೋದಾಮಿನ ಬಾಡಿಗೆ ಹದಿನೈದು, ಎರಡು ಪ್ರೊಜೆಕ್ಟರು, ಸುಟ್ಟ ದೀಪ ಸೇರಿ ಅರವತ್ತೈದು ಇರಬಹುದು. ಉಳಿದದ್ದು ಕೂಲಿ, ಓಡಾಟ, ಊಟ. ನಟಿಸಿದ ಹುಡುಗಿಗೂ ಸಹಾಯಕ್ಕಿದ್ದ ಇಬ್ಬರಿಗೂ ದಿನದ ಸಂಬಳ ಕೊಟ್ಟೇ ಮಾಡಿದ್ದೇನೆ. ಗುತ್ತಿಗೆ ಕೂಲಿಯ ಕಥೆಯನ್ನು ಬಿಟ್ಟಿ ಕೆಲಸದಲ್ಲಿ ಮಾಡಬಾರದು. ಹಣ ಬಂದದ್ದು ಮದುವೆ, ಮೆಹಂದಿ, ಕ್ರೈಸ್ತರ ಮದುವೆಗೆ ಮುನ್ನ ನಡೆಯುವ ರೋಸ್ ಸಮಾರಂಭಗಳ ವಿಡಿಯೊ ತೆಗೆದು, ಎರಡು ಸೀಸನ್ನಿನ ಗಳಿಕೆ. ಪ್ರದರ್ಶನದ ಡಬ್ಬಿಯಲ್ಲಿ ಮೂವತ್ತು ಸಾವಿರದಷ್ಟು ಬಿತ್ತು. ಆಮೇಲೆ ಒಬ್ಬ ಸಂಗ್ರಾಹಕರು ಒಂದು ಪ್ರತಿ ಕೊಂಡರು, ಅದರಿಂದ, ಸಾಲದೆ ಬಂದದ್ದಕ್ಕೆ ಮಾಡಿದ್ದ ಸಾಲ ತೀರಿತು. ಅವರು ಮೊದಲು ಕೇಳಿದ್ದು ಬಿಳಿ ಪರದೆಗೆ ಹೊಂದುವ ಪ್ರತಿಯನ್ನು. ಕೊಡುವುದಿಲ್ಲ ಎಂದೆ, ಹಂಚಿನ ಸಮೇತವೇ ಕೊಂಡರು.

ಮುಂದಿನ ಪ್ರದರ್ಶನ ಉಡುಪಿ ಕಡೆ ಮಾಡಬೇಕೆಂದಿದ್ದೇನೆ, ಜಾಗದ ಮಾತುಕತೆ ನಡೆಯುತ್ತಿದೆ. ಈ ಸಲ ಎರಡೂ ಇಳಿಜಾರಿನ ಮಾಡು, ನಡುವೆ ನೆತ್ತಿ ಮುಚ್ಚುವ ಮೂಲೆಹಂಚು ಸಹಿತ. ಯಾರಾದರೂ ಇದನ್ನು ತಮ್ಮ ಊರಿನಲ್ಲಿ ಮಾಡಲು ಹೊರಟರೆ ಹೊಸ ಹಂಚು ಕೊಳ್ಳಬೇಡಿ. ಹೊಸದರ ಮೈ ನುಣುಪು, ಬೆಳಕು ಜಾರಿ ನೋಡುವವರ ಕಣ್ಣಿಗೇ ಹೊಡೆಯುತ್ತದೆ. ಮನೆ ಕೆಡಹುವವರಿಗೆ ಈಗಲೇ ಹೇಳಿಟ್ಟು, ಮಳೆ ಹಿಡಿಯುವ ಮೊದಲು ಹಂಚು ತಂದು ಜಗಲಿಗೆ ಸೇರಿಸಿಕೊಳ್ಳಿ. ಮಳೆಗಾಲದಲ್ಲಿ ನೆನೆದ ಹಂಚು ಬೇಗ ಒಣಗುವುದಿಲ್ಲ, ನೀರು ಕುಡಿದ ಹಂಚಿಗೆ ಸುಣ್ಣ ಸರಿಯಾಗಿ ಹಿಡಿಯುವುದಿಲ್ಲ.